ಒಂದೇ ಮನೆಯ ಮೂವರಿಗೆ ಎಚ್‌ಡಿಎಲ್ ಕಡಿಮೆ: ಜೀನ್ ಟೆಸ್ಟ್ ಮಾಡಿಸಬೇಕಾ?

ಡಯಟ್_ಉಡುಪಿ

ಉಡುಪಿ ಹತ್ತಿರದ ಒಂದು ಕುಟುಂಬದ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಟೆಸ್ಟ್) ಉಂಟು. ನಾಲ್ಕು ಜನರದ್ದೂ ಒಂದೇ ದಿನ, 12 ಗಂಟೆ ಉಪವಾಸ ಇದ್ದು, ಒಂದೇ ಲ್ಯಾಬಿನಲ್ಲಿ ಮಾಡಿಸಿದ್ದು. ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಎಚ್‌ಡಿಎಲ್ ಅಂದರೆ ಜನ ಒಳ್ಳೆ ಕೊಲೆಸ್ಟ್ರಾಲ್ ಅನ್ನುವುದು, ಎಲ್‌ಡಿಎಲ್ ಅಂದರೆ ಕೆಟ್ಟದ್ದು, ಟ್ರೈಗ್ಲಿಸರೈಡ್ ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು.

ತಂದೆ, 62 ವರ್ಷ, ಶುಗರ್ ಉಂಟು: ಒಟ್ಟು ಕೊಲೆಸ್ಟ್ರಾಲ್ 168, ಟ್ರೈಗ್ಲಿಸರೈಡ್ 148, ಎಚ್‌ಡಿಎಲ್ 33, ಎಲ್‌ಡಿಎಲ್ 105.
ತಾಯಿ, 58 ವರ್ಷ: ಒಟ್ಟು 232, ಟ್ರೈಗ್ಲಿಸರೈಡ್ 110, ಎಚ್‌ಡಿಎಲ್ 61, ಎಲ್‌ಡಿಎಲ್ 149.
ದೊಡ್ಡ ಮಗ, 36 ವರ್ಷ, ಸೊಂಟದ ಸುತ್ತಳತೆ 98 ಸೆಂ.ಮೀ.: ಒಟ್ಟು 196, ಟ್ರೈಗ್ಲಿಸರೈಡ್ 262, ಎಚ್‌ಡಿಎಲ್ 27, ಎಲ್‌ಡಿಎಲ್ 117.
ಚಿಕ್ಕ ಮಗ, 29 ವರ್ಷ, ದಿನಾ ಜಿಮ್‌ಗೆ ಹೋಗುವವ: ಒಟ್ಟು 171, ಟ್ರೈಗ್ಲಿಸರೈಡ್ 92, ಎಚ್‌ಡಿಎಲ್ 14, ಎಲ್‌ಡಿಎಲ್ 139.

ಗಂಡಸರು ಮೂವರಿಗೂ ಕಡಿಮೆ ಇರುವುದರಿಂದ "ಇದು ನಮ್ಮ ರಕ್ತದಲ್ಲೇ ಬಂದದ್ದು" ಎಂದು ಮನೆಯವರ ತೀರ್ಮಾನ. ತಾಯಿಯ 61 ನೋಡಿ ಅವರ ಬಗ್ಗೆ ಯಾರಿಗೂ ಚಿಂತೆ ಇಲ್ಲ. ಜೊಲ್ಲಿನ ಸ್ಯಾಂಪಲ್ ಕಳಿಸುವ ಆನ್‌ಲೈನ್ ಜೀನ್ ಕಿಟ್ ತರಿಸಲಿಕ್ಕೆ ಹೊರಟಿದ್ದಾರೆ. ಎಚ್‌ಡಿಎಲ್ ಮೇಲೆ ಜೀನಿನ ಪ್ರಭಾವ ನಿಜಕ್ಕೂ ಎಷ್ಟು? ಯಾರಿಗೆ ಜೀನ್ ಟೆಸ್ಟ್ ಬೇಕು? ಜೀನಿನಿಂದಲೇ ಆದದ್ದಾದರೆ ಊಟ, ವ್ಯಾಯಾಮ ಬದಲಾಯಿಸಿ ಏನು ಸಿಗ್ತದೆ? ತಿಳಿದವರು ಹೇಳಬೇಕು.

ಬಯೋಕೆಮ್_ಕುಡ್ಲ

ಮೂವರಿಗೂ ಕಡಿಮೆ ಇರುವುದು ಹೌದು. ಆದರೆ ಮೂವರ ಕಾರಣವೂ ಒಂದೇ ಅಂತ ಈ ರಿಪೋರ್ಟ್ ಹೇಳುವುದಿಲ್ಲ. ಒಂದೊಂದನ್ನೇ ಬೇರೆಯಾಗಿ ಓದಬೇಕು.

ಮೊದಲು ಜೀನಿನ ಪಾಲು. ಜನರ ನಡುವೆ ಎಚ್‌ಡಿಎಲ್‌ನಲ್ಲಿ ಕಾಣುವ ಹೆಚ್ಚುಕಮ್ಮಿಯಲ್ಲಿ ಸುಮಾರು ಶೇ. 40ರಿಂದ 60ರಷ್ಟು ಅನುವಂಶೀಯ ಎಂದು ಅವಳಿಗಳ ಮತ್ತು ಕುಟುಂಬಗಳ ಅಧ್ಯಯನಗಳಿಂದ ಗೊತ್ತಾಗಿದೆ. ಇದನ್ನು ಒಬ್ಬನ 27ರಲ್ಲಿ ಅರ್ಧ ಜೀನಿನದ್ದು, ಅರ್ಧ ಊಟದ್ದು ಎಂದು ಓದಬಾರದು. ಅದು ಒಂದು ಗುಂಪಿನ ಲೆಕ್ಕ. ಆ ಪಾಲೂ ಒಂದು ಜೀನಿನದ್ದಲ್ಲ. ನೂರಾರು ಜಾಗಗಳಲ್ಲಿ ಇರುವ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡಿ ಆದದ್ದು. ಸಾಮಾನ್ಯ ವ್ಯತ್ಯಾಸಗಳ ಪೈಕಿ ಹೆಚ್ಚು ಬಲ ಇರುವುದು ಸಿಇಟಿಪಿ ಜೀನಿನದಕ್ಕೆ. ಅದರ ಟ್ಯಾಕ್-ಒನ್-ಬಿ ಎಂಬ ಪ್ರಸಿದ್ಧ ವ್ಯತ್ಯಾಸದ ಎರಡೂ ಪ್ರತಿ (ತಂದೆಯಿಂದ ಒಂದು, ತಾಯಿಯಿಂದ ಒಂದು) ಇರುವವರಿಗೂ ಒಂದೂ ಇಲ್ಲದವರಿಗೂ ಸರಾಸರಿ ಅಂತರ 4 ಅಂಕಿಯಷ್ಟೇ. ಉಳಿದ ಹೆಚ್ಚಿನವು ಒಂದು ಅಂಕಿಯ ಆಚೀಚೆ. 45 ಇರಬೇಕಾದವರನ್ನು 14ಕ್ಕೆ ಇಳಿಸುವ ಶಕ್ತಿ ಇಂಥ ಒಂದು ಸಾಮಾನ್ಯ ವ್ಯತ್ಯಾಸಕ್ಕೆ ಇಲ್ಲ.

ಜೀನುಗಳು ಎಲ್ಲಿ ಕೈ ಹಾಕುತ್ತವೆ ಅಂತ ಗೊತ್ತಿದ್ದರೆ ರಿಪೋರ್ಟ್ ಓದುವುದು ಸುಲಭ. ಲಿವರ್ ಮತ್ತು ಸಣ್ಣ ಕರುಳು ಅಪೊ-ಎ1 ಎಂಬ, ಎಚ್‌ಡಿಎಲ್‌ನ ಮುಖ್ಯ ಪ್ರೋಟೀನ್ ತಯಾರಿಸುತ್ತವೆ. ಜೀವಕೋಶದ ಗೋಡೆಯಲ್ಲಿರುವ ಎಬಿಸಿಎ1 ಎಂಬ ಪಂಪು ಅದಕ್ಕೆ ಕೊಲೆಸ್ಟ್ರಾಲ್ ತುಂಬಿಸುತ್ತದೆ. ಎಲ್‌ಕ್ಯಾಟ್ ಎಂಬ ಕಿಣ್ವ ಆ ಕೊಲೆಸ್ಟ್ರಾಲನ್ನು ಎಸ್ಟರ್ (ಕೊಬ್ಬಿನ ಆಮ್ಲ ಸೇರಿದ ರೂಪ) ಮಾಡಿ ಒಳಗೆ ಸೇರಿಸುತ್ತದೆ, ಆಗ ಎಚ್‌ಡಿಎಲ್ ಕಣ ಗುಂಡಗಾಗಿ ದೊಡ್ಡದಾಗುತ್ತದೆ. ಸಿಇಟಿಪಿ ಎಂಬ ಪ್ರೋಟೀನ್ ಆ ಎಸ್ಟರನ್ನು ಟ್ರೈಗ್ಲಿಸರೈಡ್ ಹೊತ್ತು ತಿರುಗುವ ವಿಎಲ್‌ಡಿಎಲ್ ಕಣಗಳಿಗೆ ಕೊಟ್ಟು ಅಲ್ಲಿಂದ ಟ್ರೈಗ್ಲಿಸರೈಡ್ ತರುತ್ತದೆ. ಹೆಪಾಟಿಕ್ ಲೈಪೇಸ್ ಮತ್ತು ಎಂಡೋಥೀಲಿಯಲ್ ಲೈಪೇಸ್ ಎಂಬ ಕಿಣ್ವಗಳು ಕಣವನ್ನು ಕತ್ತರಿಸಿ ಚಿಕ್ಕದು ಮಾಡುತ್ತವೆ. ಕೊನೆಗೆ ಲಿವರಿನ ಮೇಲಿರುವ ಎಸ್‌ಆರ್-ಬಿ1 ಎಂಬ ಗ್ರಾಹಕ ಕೊಲೆಸ್ಟ್ರಾಲನ್ನು ಒಳಗೆ ತೆಗೆದುಕೊಳ್ಳುತ್ತದೆ.

ಈಗ ದೊಡ್ಡ ಮಗ. ಅವರ 27ಕ್ಕೆ ಕಾರಣ ಬಹುಮಟ್ಟಿಗೆ ಪಕ್ಕದಲ್ಲೇ ಇರುವ 262. ಟ್ರೈಗ್ಲಿಸರೈಡ್ ಜಾಸ್ತಿ ಇದ್ದಾಗ ಸಿಇಟಿಪಿ ಅದನ್ನು ಎಚ್‌ಡಿಎಲ್‌ಗೆ ಹೆಚ್ಚು ಹೆಚ್ಚು ತುಂಬುತ್ತದೆ, ಹೆಪಾಟಿಕ್ ಲೈಪೇಸ್ ಅಂಥ ಕಣವನ್ನು ಬೇಗ ಕತ್ತರಿಸುತ್ತದೆ, ಸಡಿಲಾದ ಅಪೊ-ಎ1 ಕಿಡ್ನಿಯ ದಾರಿಯಲ್ಲಿ ನಷ್ಟವಾಗುತ್ತದೆ. ನಮ್ಮವರಲ್ಲಿ ಗಂಡಸರ ಸೊಂಟ 90 ಸೆಂ.ಮೀ. ದಾಟಿದರೆ ಲೆಕ್ಕಕ್ಕೆ ಬರುತ್ತದೆ, ಇವರದ್ದು 98. ವಂಶದ ಪಾಲು ಇದ್ದರೂ ಅದು ಎಪಿಒಎ5, ಎಲ್‌ಪಿಎಲ್ ಥರದ ಟ್ರೈಗ್ಲಿಸರೈಡ್ ಕಡೆಯ ಜೀನುಗಳಲ್ಲಿ ಇರುವ ಸಂಭವವೇ ಹೆಚ್ಚು. ಚಿಕಿತ್ಸೆಯೂ ಆ ಕಡೆಯಿಂದಲೇ ಶುರುವಾಗಬೇಕು. ತಂದೆಗೂ ಹೆಚ್ಚುಕಮ್ಮಿ ಇದೇ ಕಥೆ, ಶುಗರ್ ಸೇರಿಕೊಂಡಿದೆ ಅಷ್ಟೆ.

ಚಿಕ್ಕ ಮಗನ ರಿಪೋರ್ಟ್ ಹತ್ತಿರ ಸ್ವಲ್ಪ ನಿಲ್ಲಬೇಕು. ಟ್ರೈಗ್ಲಿಸರೈಡ್ 92, ಅಂದರೆ ಮೇಲೆ ಹೇಳಿದ ಕಾರಣ ಇಲ್ಲ. ಆದರೂ ಎಚ್‌ಡಿಎಲ್ 14, ಜೊತೆಗೆ ಎಲ್‌ಡಿಎಲ್ 139. ಜಿಮ್‌ಗೆ ಹೋಗುವ ಯುವಕನಲ್ಲಿ ಈ ಜೋಡಿ ಕಂಡರೆ ಜೀನಿನ ಮಾತಿಗಿಂತ ಮೊದಲು ಕೇಳಬೇಕಾದದ್ದು ಅನಾಬಾಲಿಕ್ ಸ್ಟೀರಾಯ್ಡ್ (ಸ್ನಾಯು ಬೆಳೆಸಲಿಕ್ಕೆ ತೆಗೆದುಕೊಳ್ಳುವ ಹಾರ್ಮೋನ್) ವಿಷಯ. ಅದರಲ್ಲೂ ಬಾಯಿಯಿಂದ ತೆಗೆದುಕೊಳ್ಳುವ ಗುಳಿಗೆ. ಸ್ಟ್ಯಾನೊಜೊಲಾಲ್ ಎಂಬ ಅಂಥ ಗುಳಿಗೆಯನ್ನು ದಿನಕ್ಕೆ 6 ಮಿ.ಗ್ರಾಂನಂತೆ 6 ವಾರ ಕೊಟ್ಟ ಪ್ರಯೋಗವೊಂದು 1989ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಎಚ್‌ಡಿಎಲ್ ಶೇ. 33ರಷ್ಟು ಬಿತ್ತು, ಎಲ್‌ಡಿಎಲ್ ಶೇ. 29ರಷ್ಟು ಏರಿತು, ಹೆಪಾಟಿಕ್ ಲೈಪೇಸಿನ ಚಟುವಟಿಕೆ ಎರಡು ಪಟ್ಟು ದಾಟಿತು. ಅದೇ ಪ್ರಯೋಗದಲ್ಲಿ ವಾರಕ್ಕೊಮ್ಮೆ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಕೊಟ್ಟಾಗ ಎಚ್‌ಡಿಎಲ್ ಇಳಿದದ್ದು ಶೇ. 9. ಜಿಮ್‌ಗಳಲ್ಲಿ ಕೈಯಿಂದ ಕೈಗೆ ಹೋಗುವ ಡೋಸ್ ಇದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. "ಸ್ಟೀರಾಯ್ಡ್ ತಗೊಳ್ತೀಯಾ" ಅಂತ ಅಪ್ಪನ ಎದುರು ಕೇಳಿದರೆ ಉತ್ತರ ಸಿಗಲಿಕ್ಕಿಲ್ಲ. ಒಬ್ಬನೇ ಇರುವಾಗ, ಯಾವ ಪೌಡರ್, ಯಾವ ಗುಳಿಗೆ, ಯಾವ ಇಂಜೆಕ್ಷನ್ ಎಂದು ಒಂದೊಂದಾಗಿ ಕೇಳಿ, ಸ್ಟ್ರಿಪ್ ತೋರಿಸಲಿಕ್ಕೆ ಹೇಳಿ.

ತಾಯಿಯ ಬಗ್ಗೆ ಒಂದೇ ಒಂದು ಲೆಕ್ಕ: 232ರಲ್ಲಿ 61 ಕಳೆದರೆ ನಾನ್-ಎಚ್‌ಡಿಎಲ್ 171. ದೊಡ್ಡ ಮಗನದ್ದು 169, ಚಿಕ್ಕವನದ್ದು 157, ತಂದೆಯದ್ದು 135. ರಕ್ತನಾಳದ ಗೋಡೆಗೆ ಸೇರುವ ಕೊಲೆಸ್ಟ್ರಾಲ್ ಆ ಮನೆಯಲ್ಲಿ ಅತಿ ಹೆಚ್ಚು ಇರುವುದು ಯಾರೂ ಚಿಂತೆ ಮಾಡದ ತಾಯಿಗೆ.

ಸ್ಯಾಂಪಲ್_ಕೌಂಟರ್

ಮೇಲಿನವರು ಹೇಳಿದ್ದಕ್ಕೆ ಲ್ಯಾಬಿನ ಕಡೆಯಿಂದ ಸ್ವಲ್ಪ. 27 ಇದ್ದದ್ದು ಮುಂದಿನ ಸಲ 29 ಬಂದರೆ ಅದು ಸುಧಾರಣೆ ಅಲ್ಲ. ಅದೇ ಮನುಷ್ಯನಲ್ಲಿ ದಿನದಿಂದ ದಿನಕ್ಕೆ ಎಚ್‌ಡಿಎಲ್ ಶೇ. 7ರಷ್ಟು ಆಚೀಚೆ ಆಗ್ತದೆ, ಯಂತ್ರದ್ದು ಬೇರೆ. ರಕ್ತ ಕೊಡುವ ಮೊದಲು 5 ನಿಮಿಷ ಕುಳಿತಿರಬೇಕು. ತೋಳಿಗೆ ಕಟ್ಟುವ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಇರಬಾರದು. ನರ ಸಿಗಲಿಲ್ಲ ಅಂತ ಪಟ್ಟಿ ಬಿಗಿದೇ ಹುಡುಕಿದರೆ ರಕ್ತ ಗಟ್ಟಿಯಾಗಿ ಎಲ್ಲ ಅಂಕಿಗಳೂ ಮೇಲೆ ಬರ್ತವೆ.

ಮಂಗಳೂರು ಕಡೆ ಮಳೆಗಾಲದಲ್ಲಿ ಇನ್ನೊಂದು ತೊಡಕು. ಮಲೇರಿಯಾ, ಡೆಂಗಿ, ಇಲಿಜ್ವರ ಬಂದು ಹೋದ ಹೊಸದರಲ್ಲಿ ಎಚ್‌ಡಿಎಲ್ ತುಂಬಾ ಕೆಳಗೆ ಇರ್ತದೆ. ಮಲೇರಿಯಾದಲ್ಲಂತೂ ಟ್ರೈಗ್ಲಿಸರೈಡ್ ಏರಿ, ಎಚ್‌ಡಿಎಲ್ ಇಳಿದು, ನೋಡಿದರೆ ವಂಶದ ಕಾಯಿಲೆ ಅನ್ನುವ ಹಾಗೆ ರಿಪೋರ್ಟ್ ಬರ್ತದೆ. ಜ್ವರ, ಆಪರೇಷನ್, ಆಸ್ಪತ್ರೆವಾಸ ಯಾವುದೇ ಆದರೂ 6ರಿಂದ 8 ವಾರ ಬಿಟ್ಟು ಟೆಸ್ಟ್ ಮಾಡಿ. ವಯಸ್ಸಾದವರಲ್ಲಿ ಹಿಂದೆ ಸರಿ ಇದ್ದ ಎಚ್‌ಡಿಎಲ್ ಏಕಾಏಕಿ 10ರ ಕೆಳಗೆ ಬಂದರೆ ಮೈಲೋಮಾ (ಮೂಳೆಮಜ್ಜೆಯ ಕ್ಯಾನ್ಸರ್) ಥರದ ಕಾಯಿಲೆಯ ಪ್ರೋಟೀನ್ ಯಂತ್ರದ ರಾಸಾಯನಿಕ ಕ್ರಿಯೆಗೆ ಅಡ್ಡ ಬಂದಿರಲೂಬಹುದು. ಆಗ ಬೇರೆ ವಿಧಾನದಲ್ಲಿ ಅಳೆದು ನೋಡಬೇಕು.

ಎಲ್‌ಡಿಎಲ್ ಲೆಕ್ಕ ಹಾಕಿದ್ದಾ, ನೇರ ಅಳೆದದ್ದಾ ಅಂತಲೂ ರಿಪೋರ್ಟಿನಲ್ಲಿ ನೋಡಿ. ಇಲ್ಲಿ ಕೊಟ್ಟ ನಾಲ್ಕೂ ಲೆಕ್ಕದ್ದೇ: ಒಟ್ಟಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆದದ್ದು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯುವುದಿಲ್ಲ. ನಾನ್-ಎಚ್‌ಡಿಎಲ್‌ಗೆ ಆ ತೊಂದರೆ ಇಲ್ಲ, ಅದಕ್ಕೆ ಉಪವಾಸವೂ ಬೇಡ.

ಡಯಟ್_ಉಡುಪಿ

ತುಂಬಾ ಉಪಕಾರ ಆಯ್ತು. ಕೇಳಿದೆ. ಯಾರಿಗೂ ಇತ್ತೀಚೆಗೆ ಜ್ವರ ಬಂದಿಲ್ಲ. ಚಿಕ್ಕವನು ತಂದು ತೋರಿಸಿದ ಸ್ಟ್ರಿಪ್‌ನಲ್ಲಿ ಸ್ಟ್ಯಾನೊಜೊಲಾಲ್ ಎಂದೇ ಉಂಟು, "ಕಟಿಂಗ್‌ಗೆ" (ಕೊಬ್ಬು ಇಳಿಸಿ ಸ್ನಾಯು ಎದ್ದು ಕಾಣಲಿಕ್ಕೆ) ಅಂತ ಯಾರೋ ಕೊಟ್ಟದ್ದಂತೆ. ಹೀಗಿದ್ದ ಮೇಲೂ ಅವನಿಗೆ ಜೀನ್ ಟೆಸ್ಟ್ ಬೇಕಾಗ್ತದಾ? ಇನ್ನೊಂದು, ದೊಡ್ಡವನಿಗೆ ಸಂಬಂಧಿಕರೊಬ್ಬರು ಎಚ್‌ಡಿಎಲ್ ಏರಿಸಲಿಕ್ಕೆ ನಯಾಸಿನ್ (ವಿಟಮಿನ್ ಬಿ3) ಗುಳಿಗೆ ಹೇಳಿದ್ದಾರೆ. ಮನೆಯಲ್ಲಿ ತೆಂಗಿನ ಎಣ್ಣೆಯೇ ಅಡುಗೆಗೆ, "ಅದರಿಂದ ಒಳ್ಳೆ ಕೊಲೆಸ್ಟ್ರಾಲ್ ಬರ್ತದೆ" ಅಂತ ತಾಯಿಯ ವಾದ.

ಫಿಸಿಷಿಯನ್_ಕಾಪು

ನಯಾಸಿನ್ ಬೇಡ. ಎಚ್‌ಡಿಎಲ್ ಅಂಕಿ ಏರುತ್ತದೆ, ಹೃದಯಕ್ಕೆ ಪ್ರಯೋಜನ ಆಗುವುದಿಲ್ಲ. ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆಯ ಜೊತೆ ನಯಾಸಿನ್ ಕೊಟ್ಟು ನೋಡಿದ ಏಮ್-ಹೈ ಪ್ರಯೋಗವನ್ನು 2011ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಅದಕ್ಕಿಂತ ಎಷ್ಟೋ ದೊಡ್ಡದಾದ, 25,673 ಜನರ ಎಚ್‌ಪಿಎಸ್2-ಥ್ರೈವ್‌ನಲ್ಲಿ ಎಚ್‌ಡಿಎಲ್ ಸುಮಾರು 6 ಅಂಕಿ ಏರಿತು, ಹೃದಯಾಘಾತ ಕಡಿಮೆಯಾಗಲಿಲ್ಲ. ಅದರ ಬದಲು ಸಕ್ಕರೆ ಕಾಯಿಲೆ, ಸೋಂಕು, ರಕ್ತಸ್ರಾವ ಹೆಚ್ಚಾದವು. ಅಪ್ಪನಿಗೆ ಶುಗರ್ ಇರುವ, ಸೊಂಟ 98 ಇರುವ ಮಗನಿಗೆ ಕೊಡುವ ಗುಳಿಗೆ ಅಲ್ಲ ಅದು.

ಈ ಪ್ರಯೋಗಗಳು ಯಾಕೆ ಸೋತವು ಎನ್ನುವುದಕ್ಕೆ ಉತ್ತರ ಕೊಟ್ಟದ್ದೇ ಜೀನುಗಳ ಅಧ್ಯಯನ. ಎಂಡೋಥೀಲಿಯಲ್ ಲೈಪೇಸ್ ಜೀನಿನಲ್ಲಿ ಒಂದು ವ್ಯತ್ಯಾಸ ಇರುವವರಿಗೆ ಹುಟ್ಟಿನಿಂದಲೇ ಎಚ್‌ಡಿಎಲ್ 5 ಅಂಕಿಗಿಂತ ತುಸು ಹೆಚ್ಚು, ಉಳಿದ ಲಿಪಿಡ್‌ಗಳಲ್ಲಿ ಬದಲಾವಣೆ ಇಲ್ಲ. ಎಚ್‌ಡಿಎಲ್ ತಾನೇ ಕಾಪಾಡುವುದಾದರೆ ಇವರಿಗೆ ಹೃದಯಾಘಾತ ಶೇ. 13ರಷ್ಟು ಕಡಿಮೆ ಆಗಬೇಕಿತ್ತು. 2012ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಲೆಕ್ಕದ ಪ್ರಕಾರ ಯಾವ ವ್ಯತ್ಯಾಸವೂ ಇರಲಿಲ್ಲ. ಎಲ್‌ಡಿಎಲ್ ಏರಿಸುವ ಜೀನುಗಳಿಗೆ ಇದೇ ಲೆಕ್ಕ ಹಾಕಿದಾಗ ಅಪಾಯ ಸ್ಪಷ್ಟವಾಗಿ ಏರಿತು.

ಇನ್ನೂ ಕಣ್ಣು ತೆರೆಸುವುದು ಎಸ್‌ಆರ್-ಬಿ1 ಜೀನಿನ ವಿಷಯ. ಅದು ಕೆಟ್ಟವರಲ್ಲಿ ಎಚ್‌ಡಿಎಲ್ ತುಂಬಾ ಹೆಚ್ಚು; ಎರಡೂ ಪ್ರತಿ ಕೆಟ್ಟ ಒಬ್ಬರಲ್ಲಿ 152 ಇತ್ತು. ಆದರೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ವ್ಯತ್ಯಾಸ ಇರುವವರಿಗೆ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚೇ ಕಂಡಿತು. ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿದ್ದರೆ ಮೀನು ಚೆನ್ನಾಗಿ ಇಳಿಯುತ್ತಿದೆ ಎಂದೂ ಹೇಳಬಹುದು, ಇಳಿಸುವವರೇ ಇಲ್ಲದೆ ನಿಂತಿವೆ ಎಂದೂ ಹೇಳಬಹುದು. ಲ್ಯಾಬಿನ ಎಚ್‌ಡಿಎಲ್ ಅಂಕಿ ನಿಂತ ಬೋಟುಗಳನ್ನು ಮಾತ್ರ ಎಣಿಸುತ್ತದೆ.

ಸಿಇಟಿಪಿಯನ್ನು ತಡೆಯುವ ಔಷಧಗಳ ಇತಿಹಾಸವೂ ಹೀಗೇ. ಟಾರ್ಸೆಟ್ರಾಪಿಬ್ ಎಚ್‌ಡಿಎಲ್ ಅನ್ನು ಶೇ. 72ರಷ್ಟು ಏರಿಸಿತು, ಸಾವೂ ಹೆಚ್ಚಾದ್ದರಿಂದ 2006ರ ಡಿಸೆಂಬರ್‌ನಲ್ಲಿ ನಿಲ್ಲಿಸಬೇಕಾಯಿತು. ಆಮೇಲೆ ಬಂದ ಡಾಲ್ಸೆಟ್ರಾಪಿಬ್, ಇವಾಸೆಟ್ರಾಪಿಬ್ ಪ್ರಯೋಜನ ಇಲ್ಲದೆ ನಿಂತವು. ಅನಾಸೆಟ್ರಾಪಿಬ್ ಮಾತ್ರ 2017ರಲ್ಲಿ ಶೇ. 9ರಷ್ಟು ಲಾಭ ತೋರಿಸಿತು. ಎಚ್‌ಡಿಎಲ್ ದುಪ್ಪಟ್ಟಾಗಿದ್ದರೂ ಆ ಲಾಭ ನಾನ್-ಎಚ್‌ಡಿಎಲ್ ಇಳಿದದ್ದಕ್ಕೆ ಎಷ್ಟು ಸಿಗಬೇಕೋ ಅಷ್ಟೇ ಇತ್ತು.

ಆದ್ದರಿಂದ ಈ ಮನೆಯಲ್ಲಿ ಎಚ್‌ಡಿಎಲ್ ಏರಿಸುವ ಔಷಧ ಯಾರಿಗೂ ಇಲ್ಲ. ತಂದೆಗೆ 62 ವರ್ಷ, ಶುಗರ್ ಉಂಟು. ಅವರ ಎಚ್‌ಡಿಎಲ್ 60 ಇದ್ದಿದ್ದರೂ ಸ್ಟ್ಯಾಟಿನ್ ವಿಷಯ ವೈದ್ಯರ ಹತ್ತಿರ ಮಾತಾಡಲೇಬೇಕು; ಅಂಥವರಲ್ಲಿ ಎಲ್‌ಡಿಎಲ್ ಅನ್ನು 70ರ ಕೆಳಗೆ ತರಲು ನೋಡುತ್ತೇವೆ. ತಾಯಿಗೆ ಬಿಪಿ, ಶುಗರ್, ಥೈರಾಯ್ಡ್ ನೋಡಬೇಕು. ಥೈರಾಯ್ಡ್ ಕಡಿಮೆ ಇದ್ದರೂ ಎಲ್‌ಡಿಎಲ್ ಏರುತ್ತದೆ.

ಹಿರಿಯಡ್ಕ_ಓದುಗ

ಹಾಗಾದರೆ ಎಚ್‌ಡಿಎಲ್ ಕಡಿಮೆ ಇದ್ದರೆ ಅಪಾಯ ಅಂತ ಇಷ್ಟು ವರ್ಷ ಹೇಳಿದ್ದು ಸುಳ್ಳಾ ಡಾಕ್ಟ್ರೇ?

ಫಿಸಿಷಿಯನ್_ಕಾಪು

ಸುಳ್ಳಲ್ಲ. ಎಚ್‌ಡಿಎಲ್ ಕಡಿಮೆ ಇರುವ ಗುಂಪಿನಲ್ಲಿ ಹೃದಯಾಘಾತ ಹೆಚ್ಚು ಎನ್ನುವುದು ಗಟ್ಟಿ ಸತ್ಯ. ಅಪಾಯದ ಲೆಕ್ಕ ಹಾಕುವಾಗ ಈಗಲೂ ಆ ಅಂಕಿ ಬೇಕು. ಗಂಡಸರಿಗೆ 40, ಹೆಂಗಸರಿಗೆ 50ರ ಕೆಳಗೆ ಇದ್ದರೆ ಕಡಿಮೆ. ಅದು ಸೂಚನೆ ಕೊಡುತ್ತದೆ, ಜೊತೆಗಿರುವ ಟ್ರೈಗ್ಲಿಸರೈಡ್, ಹೊಟ್ಟೆಯ ಬೊಜ್ಜು, ಬೀಡಿ-ಸಿಗರೇಟು, ಶುಗರ್ ಕಡೆ ಕೈ ತೋರಿಸುತ್ತದೆ. ಆ ಅಂಕಿಯನ್ನೊಂದೇ ಮೇಲೆತ್ತಿದರೆ ಅವು ಯಾವುವೂ ಹೋಗುವುದಿಲ್ಲ, ಇಷ್ಟೇ ವಿಷಯ.

ಜೆನೆಟಿಕ್_ಕೌನ್ಸೆಲಿಂಗ್

ಚಿಕ್ಕ ಮಗನಿಗೆ ಈಗ ಜೀನ್ ಟೆಸ್ಟ್ ಬೇಡ. ಸ್ಟ್ಯಾನೊಜೊಲಾಲ್ ನಿಲ್ಲಿಸಿ 3-4 ತಿಂಗಳ ನಂತರ ಲಿಪಿಡ್ ಮತ್ತೆ ಮಾಡಿಸಿ. ಜೊತೆಗೆ ಲಿವರ್ ಟೆಸ್ಟ್. ನಿಲ್ಲಿಸುವುದನ್ನು ಹಾರ್ಮೋನ್ ತಜ್ಞರ ಗಮನದಲ್ಲಿ ಮಾಡಲಿ. ಹೊರಗಿನಿಂದ ಹಾರ್ಮೋನ್ ಬರುವಾಗ ದೇಹದ ಸ್ವಂತ ಟೆಸ್ಟೋಸ್ಟಿರೋನ್ ತಯಾರಿ ಕುಗ್ಗಿರುತ್ತದೆ. ನಿಲ್ಲಿಸಿದ ಮೇಲೆ ಸುಸ್ತು, ಮನಸ್ಸು ಕುಗ್ಗುವುದು ಬಂದು, ಅದನ್ನು ತಾಳಲಾರದೆ ಮತ್ತೆ ಗುಳಿಗೆಗೆ ಹೋಗುವವರು ಇದ್ದಾರೆ.

ಎಲ್ಲ ಕಾರಣ ತಳ್ಳಿಹಾಕಿದ ಮೇಲೂ, ಎರಡು ಸಲ ಅಳೆದಾಗಲೂ 20ರ ಕೆಳಗೇ ಇದ್ದರೆ ಆಗ ಒಂದೇ ಜೀನಿನ ಕಾಯಿಲೆ ಯೋಚಿಸಬೇಕು. ಮುಖ್ಯವಾದವು ಮೂರು. ಎಬಿಸಿಎ1 ಜೀನಿನ ಎರಡೂ ಪ್ರತಿ ಕೆಟ್ಟರೆ ಟ್ಯಾಂಜಿಯರ್ ಕಾಯಿಲೆ. ಅಮೆರಿಕದ ವರ್ಜೀನಿಯಾದ ಟ್ಯಾಂಜಿಯರ್ ದ್ವೀಪದ ಮಕ್ಕಳಲ್ಲಿ ಮೊದಲು ಕಂಡದ್ದರಿಂದ ಆ ಹೆಸರು. ಜೀನ್ ಗೊತ್ತಾದದ್ದು 1999ರಲ್ಲಿ. ಎಚ್‌ಡಿಎಲ್ 5ರ ಕೆಳಗೆ, ಗಂಟಲಿನ ಟಾನ್ಸಿಲ್ ಕಿತ್ತಳೆ-ಹಳದಿ ಬಣ್ಣ, ಗುಲ್ಮ ದೊಡ್ಡದಾಗುವುದು, ಕೈಕಾಲಿನ ನರಗಳ ದೌರ್ಬಲ್ಯ ಇದರ ಗುರುತು. ಟಾರ್ಚ್ ಹಾಕಿ ಗಂಟಲು ನೋಡಲು ಅರ್ಧ ನಿಮಿಷ ಸಾಕು, ಆದರೆ ಹೆಚ್ಚಿನವರು ನೋಡುವುದಿಲ್ಲ. ಎಲ್‌ಕ್ಯಾಟ್ ಕೊರತೆಯಲ್ಲಿ ಕಣ್ಣಿನ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪೊರೆ ಮಸುಕಾಗುತ್ತದೆ, ರಕ್ತಹೀನತೆ, ಮೂತ್ರದಲ್ಲಿ ಪ್ರೋಟೀನ್, ಮುಂದೆ ಕಿಡ್ನಿ ತೊಂದರೆ ಬರಬಹುದು. ಹಾಗಾಗಿ ಒಂದು ಮೂತ್ರ ಪರೀಕ್ಷೆಯನ್ನೂ ಮಾಡಿಸಬೇಕು. ಮೂರನೆಯದು ಅಪೊ-ಎ1 ಪ್ರೋಟೀನೇ ಇಲ್ಲದಿರುವುದು. ಇದರಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯದ ರಕ್ತನಾಳ ಕಟ್ಟಿಕೊಳ್ಳಬಹುದು.

ಈ ಕುಟುಂಬದ ರಿಪೋರ್ಟಿನಲ್ಲೇ ಒಂದು ಸುಳಿವು ಇದೆ. ಟ್ಯಾಂಜಿಯರ್ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬರಬೇಕು. ಒಂದು ಕೆಟ್ಟ ಪ್ರತಿ ಇರುವವರ ಎಚ್‌ಡಿಎಲ್ ಸಾಮಾನ್ಯವಾಗಿ ಇರಬೇಕಾದ್ದರ ಅರ್ಧದಷ್ಟು ಇರುತ್ತದೆ. ತಾಯಿಯ 61 ಅದಕ್ಕೆ ಹೊಂದುವುದಿಲ್ಲ. ಅಂದರೆ ಚಿಕ್ಕ ಮಗನಿಗೆ ಟ್ಯಾಂಜಿಯರ್ ಇರುವ ಸಂಭವ ತೀರಾ ಕಡಿಮೆ. ತಂದೆ-ತಾಯಿಯದ್ದು ರಕ್ತಸಂಬಂಧದ ಮದುವೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಇಂಥ ಕಾಯಿಲೆಗಳಲ್ಲಿ ಅದು ಯಾವತ್ತೂ ಬೇಕಾಗುವ ಮಾಹಿತಿ.

ಜೊಲ್ಲಿನ ಕಿಟ್ ಬಗ್ಗೆ: ಅಂಥ ಹೆಚ್ಚಿನ ಕಿಟ್‌ಗಳು ಮೊದಲೇ ಆರಿಸಿದ ಜಾಗಗಳನ್ನು ಮಾತ್ರ ಓದುತ್ತವೆ. ಅಪರೂಪದ ದೋಷ ಬೇರೆ ಜಾಗದಲ್ಲಿದ್ದರೆ "ಎಲ್ಲ ಸರಿ" ಎಂದೇ ಬರುತ್ತದೆ. ನೂರಾರು ವ್ಯತ್ಯಾಸ ಕೂಡಿಸಿ ಕೊಡುವ ಅಂಕವೂ ಬಹುಪಾಲು ಯುರೋಪ್ ಮೂಲದವರ ಮಾಹಿತಿಯಿಂದ ತಯಾರಾದದ್ದು, ನಮ್ಮವರಿಗೆ ಅಷ್ಟು ಸರಿಯಾಗಿ ಹೊಂದುವುದಿಲ್ಲ. ಮುಂದೆ ನಿಜವಾಗಿ ಟೆಸ್ಟ್ ಬೇಕಾದರೆ ಇಡಿಟಿಎ ಟ್ಯೂಬಿನಲ್ಲಿ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಟ್ಯೂಬ್) ರಕ್ತ ಕೊಟ್ಟು, ಈ ಮೂರು ಜೀನುಗಳನ್ನು ಪೂರ್ತಿ ಓದುವ ಪ್ಯಾನೆಲ್ ಮಾಡಿಸಬೇಕು. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇದೆ, ಉಡುಪಿಯವರಿಗೆ ದೂರವೂ ಅಲ್ಲ. ರಿಪೋರ್ಟಿನಲ್ಲಿ "ಅರ್ಥ ಸ್ಪಷ್ಟವಿಲ್ಲದ ವ್ಯತ್ಯಾಸ" ಎಂದು ಬಂದರೆ ಅದನ್ನು ಕಾಯಿಲೆ ಎಂದು ಓದಬಾರದು. ಮನೆಯವರಲ್ಲಿ ಯಾರಿಗೆ ಆ ವ್ಯತ್ಯಾಸ ಇದೆ, ಅವರ ಎಚ್‌ಡಿಎಲ್ ಎಷ್ಟು ಎಂದು ತಾಳೆ ನೋಡಿದ ಮೇಲೆಯೇ ಮಾತು.

ವಂಶದ ಬಗ್ಗೆ ಚಿಂತೆ ಇದ್ದರೆ ಈ ಮನೆಯವರು ಕಿಟ್‌ಗೆ ಹಾಕುವ ಹಣವನ್ನು ಲಿಪೊಪ್ರೋಟೀನ್-ಎ (ಎಲ್‌ಡಿಎಲ್ ಥರದ್ದೇ ಇನ್ನೊಂದು ಕಣ) ಟೆಸ್ಟ್‌ಗೆ ಹಾಕಲಿ. ಅದರ ಮಟ್ಟವನ್ನು ಬಹುಪಾಲು ಒಂದೇ ಜೀನ್ ತೀರ್ಮಾನಿಸುತ್ತದೆ, ಊಟ-ವ್ಯಾಯಾಮಕ್ಕೆ ಬಗ್ಗುವುದಿಲ್ಲ. ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. 50 ಮಿ.ಗ್ರಾಂ ದಾಟಿದರೆ ಹೃದಯದ ಅಪಾಯ ಹೆಚ್ಚು ಎಂದು ಲೆಕ್ಕ, ಆಗ ಎಲ್‌ಡಿಎಲ್ ಇನ್ನೂ ಬಿಗಿಯಾಗಿ ಇಳಿಸಬೇಕಾಗುತ್ತದೆ.

ಬಯೋಕೆಮ್_ಕುಡ್ಲ

ಎಣ್ಣೆಯ ಪ್ರಶ್ನೆ ಉಳಿಯಿತು. ತಾಯಿಯ ಮಾತು ಅರ್ಧ ಸರಿ. 2020ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ, ಸೂರ್ಯಕಾಂತಿ, ಆಲಿವ್‌ನಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನ ಎಣ್ಣೆಯಲ್ಲಿ ಎಚ್‌ಡಿಎಲ್ ಸುಮಾರು 4 ಅಂಕಿ ಹೆಚ್ಚು ಬಂತು, ಎಲ್‌ಡಿಎಲ್ ಸುಮಾರು 10 ಹೆಚ್ಚು ಬಂತು. ಎಲ್‌ಡಿಎಲ್ 149 ಇರುವವರಿಗೆ ಇದು ನಷ್ಟದ ವ್ಯಾಪಾರ. ಪೂರ್ತಿ ಬಿಡಿ ಎಂದರೆ ನಮ್ಮ ಊರಲ್ಲಿ ಯಾರೂ ಕೇಳುವುದಿಲ್ಲ. ಒಗ್ಗರಣೆಗೆ ಮಾತ್ರ ತೆಂಗಿನ ಎಣ್ಣೆ, ಉಳಿದದ್ದಕ್ಕೆ ಶೇಂಗಾ ಅಥವಾ ಎಳ್ಳೆಣ್ಣೆ, ಒಟ್ಟು ಒಬ್ಬರಿಗೆ ದಿನಕ್ಕೆ 4 ಟೀ ಚಮಚ ಎಂದು ಹೇಳಿ. ನಾಲ್ಕು ಜನರಿಗೆ ತಿಂಗಳಿಗೆ ಎರಡೂವರೆ ಲೀಟರಿನ ಒಳಗೆ ಬರ್ತದೆ, ಅಂಗಡಿ ಬಿಲ್ ನೋಡಿಯೇ ಲೆಕ್ಕ ಹಾಕಬಹುದು. ಗಸಿಗೆ, ಪಲ್ಯಕ್ಕೆ ಹಾಕುವ ಕಾಯಿತುರಿಯೂ ಇದೇ ಲೆಕ್ಕಕ್ಕೆ: 40 ಗ್ರಾಂ ತುರಿಯಲ್ಲಿ 13 ಗ್ರಾಂನಷ್ಟು ಕೊಬ್ಬು ಉಂಟು.

ದೊಡ್ಡ ಮಗನಿಗೆ ಮಾತ್ರ ಎಣ್ಣೆಗಿಂತ ಅನ್ನ, ಬನ್ಸ್, ಬೇಕರಿ ತಿಂಡಿ, ಸಿಹಿ ಜ್ಯೂಸ್, ಕುಡಿತ ಇವು ಮುಖ್ಯ. ಟ್ರೈಗ್ಲಿಸರೈಡ್ ಏರುವುದು ಅಲ್ಲಿಂದ. ಕುಚ್ಚಲಕ್ಕಿ ಅಂತ ಎರಡು ತಟ್ಟೆ ಉಂಡರೆ ಲಾಭ ಇಲ್ಲ. ಬಂಗುಡೆ, ಬೂತಾಯಿ ವಾರಕ್ಕೆ ಎರಡು ಸಲ, ಫ್ರೈ ಬದಲು ಪುಳಿಮುಂಚಿ. ತೂಕದಲ್ಲಿ ಶೇ. 5ರಿಂದ 10 ಇಳಿದರೆ ಟ್ರೈಗ್ಲಿಸರೈಡ್ ಶೇ. 20ರ ಆಸುಪಾಸು ಇಳಿಯುತ್ತದೆ.

ಎಚ್‌ಡಿಎಲ್ ಎಷ್ಟು ಏರಬಹುದು ಅಂತ ಅವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಆರು ತಿಂಗಳಲ್ಲಿ ಬೇಸರ ಬರ್ತದೆ. ವಾರಕ್ಕೆ 2 ಗಂಟೆಗಿಂತ ಹೆಚ್ಚು ಬಿರುಸು ನಡಿಗೆಗೆ 2-3 ಅಂಕಿ. ಸಿಗರೇಟು ಇದ್ದು ಬಿಟ್ಟರೆ 4ರ ಹತ್ತಿರ. ತೂಕಕ್ಕೆ ಕಿಲೋಗೆ ಸುಮಾರು 0.35, ಅದೂ ತೂಕ ಇಳಿದು ಒಂದು ಕಡೆ ನಿಂತ ಮೇಲೆ. ಇಳಿಯುತ್ತಾ ಇರುವಾಗಲೇ ಟೆಸ್ಟ್ ಮಾಡಿಸಿದರೆ ಎಚ್‌ಡಿಎಲ್ ಇನ್ನೂ ತುಸು ಕೆಳಗೆ ಕಾಣಬಹುದು. ಹಾಗಾಗಿ 12 ವಾರಕ್ಕೆ ಟ್ರೈಗ್ಲಿಸರೈಡ್ ಮತ್ತು ನಾನ್-ಎಚ್‌ಡಿಎಲ್ ನೋಡಿ. ಎಚ್‌ಡಿಎಲ್ ಏರಿತಾ ಅಂತ ನೋಡುವುದನ್ನು ತೂಕ ನಿಂತ ಮೇಲೆ ಇಟ್ಟುಕೊಳ್ಳಿ.